ಎಂ.ಟೆಕ್ ಓದಿಸಲೋ ಬೇಡವೋ ಎಂದು ಚಿಕ್ಕಪ್ಪ ಕೇಳಿದರು

ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಸಂಜೆ ಚಿಕ್ಕಪ್ಪ ಮನೆಗೆ ಬಂದರು. ದಾವಣಗೆರೆ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಅವರದು. ಮೂವತ್ತು ವರ್ಷ ಮೆಕ್ಕೆಜೋಳದ ಚೀಲ ಎಣಿಸಿ, ತೂಕ ಬರೆದು, ರೈತರಿಗೆ ಪಟ್ಟಿ ಮಾಡಿಕೊಟ್ಟು, ಈಗ ಯಾವ ಮಾತನ್ನೂ ಅಂಕಿಯಿಲ್ಲದೆ ಆಡಲು ಅವರಿಗೆ ಬಾರದು. ಕುಳಿತವರೇ ಅಂಗಿಯ ಜೇಬಿನಿಂದ ತೂಕದ ಚೀಟಿಯೊಂದನ್ನು ತೆಗೆದು, ಹಿಂಬದಿ ತಿರುಗಿಸಿ ನನ್ನ ಮುಂದಿಟ್ಟರು.

ಒಂದು ಬದಿಯಲ್ಲಿ ಎರಡು ವರ್ಷದ ಎಂ.ಟೆಕ್ ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ, ಊರಿಗೆ ಬಂದು ಹೋಗುವ ಬಸ್ ಚಾರ್ಜು. ಇನ್ನೊಂದು ಬದಿಯಲ್ಲಿ ಅವರ ಮಗಳಿಗೆ ಚಿತ್ರದುರ್ಗದ ಕಟ್ಟಡ ಗುತ್ತಿಗೆದಾರರೊಬ್ಬರ ಬಳಿ ಸಿಗಲಿರುವ ಸೈಟ್ ಎಂಜಿನಿಯರ್ ಕೆಲಸದ ಸಂಬಳ: ತಿಂಗಳಿಗೆ 18,000, ಇಪ್ಪತ್ತನಾಲ್ಕು ತಿಂಗಳಿಗೆ 4,32,000. ಅಡಿಗೆರೆ ಎಳೆದು, ಅದರ ಕೆಳಗೆ ಒಂದೇ ಒಂದು ಪದ: ‘ಮದುವೆ?’

“ನೋಡವ್ವಾ, ನೀನು ಓದಿದವಳು. ಓದಿಸಲೋ ಬೇಡವೋ, ನೀನು ಹೇಳಿದಂತೆ ಮಾಡುತ್ತೇನೆ” ಎಂದರು.

ಅವರ ಮಗಳು ಸಿವಿಲ್ ಎಂಜಿನಿಯರಿಂಗ್‌ನ ಎಂಟನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಎಂ.ಟೆಕ್ ಪ್ರವೇಶಕ್ಕೆ ದೇಶಮಟ್ಟದಲ್ಲಿ ನಡೆಯುವ ಗೇಟ್ ಪರೀಕ್ಷೆ ಬರೆದು ಅರ್ಹತೆಯನ್ನೂ ಪಡೆದಿದ್ದಾಳೆ. ಐಐಟಿ, ಎನ್‌ಐಟಿಗಳಲ್ಲಿ ಅವಳು ಬಯಸುವ ವಿಭಾಗ ಸಿಗುವಷ್ಟು ಅಂಕವಿಲ್ಲ. ರಾಜ್ಯದ ಯಾವುದಾದರೂ ಕಾಲೇಜಿನಲ್ಲಿ ಸಿಕ್ಕೇ ಸಿಗುತ್ತದೆ. ನಾನು ಅದೇ ಸಿವಿಲ್ ಓದಿ, ಮೂರು ವರ್ಷ ಸೈಟ್‌ನಲ್ಲಿ ಬಿಸಿಲು ಕಂಡು, ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿದವಳು. ಈಗ ಇದೇ ಊರಿನಲ್ಲಿ ಕಟ್ಟಡಗಳ ವಿನ್ಯಾಸ ಮಾಡುತ್ತೇನೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರಬೇಕಿತ್ತು. ಆ ಸಂಜೆ ನನಗೆ ಹೇಳಲಾಗಲಿಲ್ಲ. ಒಂದು ವಾರ ಸಮಯ ಕೇಳಿದೆ. ಆ ವಾರದಲ್ಲಿ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಿಕ್ಕಪ್ಪನ ಚೀಟಿಯಂತೆಯೇ ನನ್ನ ಲೆಕ್ಕವನ್ನೂ ಹಾಕಿ ನೋಡಿದೆ. 2013ರಲ್ಲಿ ಬಿ.ಇ. ಮುಗಿಸಿದೆ. 2016ರಲ್ಲಿ ಸುರತ್ಕಲ್‌ನ ಎನ್‌ಐಟಿಗೆ ಹೊರಟಾಗ ನನ್ನ ಸಂಬಳ 16,000. ಗೇಟ್ ಅರ್ಹತೆಯೊಂದಿಗೆ ಸೇರಿದ್ದರಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತಿತ್ತು. ಹಾಗಾಗಿ ಎರಡು ವರ್ಷದಲ್ಲಿ ನಾನು ಬಿಟ್ಟದ್ದು 86,400 ರೂಪಾಯಿ, ಅದರ ಮೇಲೆ ಶುಲ್ಕ ಮತ್ತು ಊಟದ ಖರ್ಚು. 2018ರಲ್ಲಿ ಬೆಂಗಳೂರಿನ ವಿನ್ಯಾಸ ಕಚೇರಿಯೊಂದು 28,000 ಕೊಟ್ಟಿತು. ಅದೇ ಹೊತ್ತಿಗೆ ನನ್ನ ಜೊತೆ ಬಿ.ಇ. ಮುಗಿಸಿ ಸೈಟ್‌ನಲ್ಲೇ ಉಳಿದ ಗೆಳತಿ 30,000 ಪಡೆಯುತ್ತಿದ್ದಳು. ಐದು ವರ್ಷದ ಅನುಭವ ಅವಳಿಗಿತ್ತು, ಮೇಸ್ತ್ರಿಗಳು ಅವಳ ಮಾತು ಕೇಳುತ್ತಿದ್ದರು. ಹಣವೊಂದನ್ನೇ ತೂಗಿದರೆ ತಕ್ಕಡಿ ಅವಳ ಕಡೆಗೇ ಸ್ವಲ್ಪ ವಾಲುತ್ತದೆ. ಎಂ.ಟೆಕ್ ಮಾಡಿದರೆ ಸಂಬಳ ಹೆಚ್ಚುತ್ತದೆ ಎಂದು ನಂಬಿ ಹೊರಡುವವರಿಗೆ ಇದನ್ನು ಹೇಳಿಬಿಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಅದನ್ನು ನಾನು ಬಹಳ ತಡವಾಗಿ ತಿಳಿದೆ.

ನಮ್ಮ ತಂದೆ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಗಿರಣಿ ನಿಂತಮೇಲೆ ಮಂಡಕ್ಕಿ ಭಟ್ಟಿ ಹಾಕಿದರು. ಅವರ ಕೈ ಸೋತಮೇಲೆ ಅಣ್ಣ ಅದನ್ನು ಹಿಡಿದ. ಭತ್ತವನ್ನು ನೆನೆಹಾಕಿ, ಹುರಿದು, ಗಿರಣಿ ಮಾಡಿಸಿ, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಅರಳಿಸುವ ಕೆಲಸ ಬೆಳಗಿನ ಜಾವ ಮೂರಕ್ಕೆ ಶುರುವಾಗುತ್ತದೆ. ಚಾವಣಿಯ ತಗಡು ತುಕ್ಕು ತಿಂದು ಸೋರುತ್ತಿತ್ತು. 2016ರ ಮಳೆಗಾಲಕ್ಕೆ ಮುಂಚೆ ಅದನ್ನು ಬದಲಾಯಿಸುವುದೆಂದು ಅಣ್ಣ ನಿಶ್ಚಯಿಸಿದ್ದ. ನನ್ನ ಸಂಬಳದಿಂದ ಮನೆಗೆ ಬರುತ್ತಿದ್ದ ಹತ್ತು ಸಾವಿರ ಅದೇ ವರ್ಷ ನಿಂತಿತು. ಎರಡು ಮಳೆಗಾಲ ಆ ತಗಡಿನ ಕೆಳಗೇ ಕಳೆದವು. ಒಮ್ಮೆ ಹನ್ನೊಂದು ಚೀಲ ಭತ್ತ ನೆಂದು ಮೊಳಕೆಯೊಡೆಯಿತಂತೆ. ಅವನ ಮದುವೆ ಮಾತುಕತೆಯೂ ಎರಡು ವರ್ಷ ಮುಂದೆ ಹೋಯಿತು. ಇದ್ಯಾವುದನ್ನೂ ಅವನು ನನಗೆ ಹೇಳಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ “ಊಟ ಆಯಿತೇ, ಓದು ಹೇಗಿದೆ” ಎಂದಷ್ಟೇ ಕೇಳುತ್ತಿದ್ದ. ಅತ್ತಿಗೆ ಮನೆಗೆ ಬಂದು ಒಂದು ವರ್ಷವಾದ ಮೇಲೆ, ಬೇರೆ ಯಾವುದೋ ಮಾತಿನ ನಡುವೆ, ಆ ಹನ್ನೊಂದು ಚೀಲದ ಸಂಗತಿ ಹೊರಬಂತು.

ಹಾಗಾಗಿ ಎಂ.ಟೆಕ್ ಲಾಭವೇ ನಷ್ಟವೇ ಎಂದು ಯಾರಾದರೂ ಕೇಳಿದರೆ, ಯಾರ ಲಾಭ, ಯಾರ ನಷ್ಟ ಎಂದು ನಾನು ಮೊದಲು ಕೇಳಿಕೊಳ್ಳುತ್ತೇನೆ. ಪದವಿ ನನ್ನ ಹೆಸರಿನ ಮುಂದೆ ಬಂತು. ಮಳೆ ಅಣ್ಣನ ಭತ್ತದ ಮೇಲೆ ಸುರಿಯಿತು.

ಇಷ್ಟಾದರೂ ಆ ಎರಡು ವರ್ಷವನ್ನು ಬಿಟ್ಟುಕೊಡು ಎಂದರೆ ನಾನು ಒಪ್ಪುವುದಿಲ್ಲ. ಏಕೆಂದು ಹೇಳಲು ಮಾರಿಕಣಿವೆಗೆ ಹೋಗಬೇಕು.

ಅಮ್ಮನ ತವರು ಹಿರಿಯೂರು ತಾಲ್ಲೂಕು. ಬೇಸಿಗೆ ರಜೆಯಲ್ಲಿ ತಾತ ನಮ್ಮನ್ನು ಮಾರಿಕಣಿವೆಯ ವಾಣಿವಿಲಾಸ ಸಾಗರ ಅಣೆಕಟ್ಟಿಗೆ ಕರೆದೊಯ್ಯುತ್ತಿದ್ದರು. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಟ್ಟಿದ ಕಲ್ಲಿನ ಗೋಡೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದದ್ದು. ಇಷ್ಟು ನೀರನ್ನು ಈ ಗೋಡೆ ಹೇಗೆ ತಡೆಯುತ್ತದೆ ಎಂದು ನಾನು ಕೇಳಿದರೆ, ಕಣಿವೆ ಮಾರಮ್ಮ ತಡೆಯುತ್ತಾಳೆ ಎಂದು ತಾತ ಕೈಮುಗಿಯುತ್ತಿದ್ದರು. ಬಿ.ಇ.ಯಲ್ಲಿ ಬೇರೆ ಉತ್ತರ ಸಿಕ್ಕಿತು. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ, ಚಿತ್ರ ಬರೆದರೆ ಅದೊಂದು ತ್ರಿಕೋನ. ಗೋಡೆಯ ತೂಕ ಆ ತಳ್ಳುವಿಕೆಯನ್ನು ತಡೆದು ನಿಲ್ಲುತ್ತದೆ. ಅಡಿಯಿಂದ ಮೇಲಕ್ಕೆ ಒತ್ತುವ ನೀರಿಗೆ ಒಂದು ಅಕ್ಷರ, ಒಂದು ಸೂತ್ರ. ಹತ್ತು ಅಂಕದ ಪ್ರಶ್ನೆ. ಬರೆದೆ, ಅಂಕ ಬಂತು, ಮರೆತೆ.

ಸುರತ್ಕಲ್‌ನಲ್ಲಿ ಒಂದು ಮಧ್ಯಾಹ್ನ ಅದೇ ಸೂತ್ರವನ್ನು ಹಲಗೆಯ ಮೇಲೆ ಬರೆದ ಮೇಷ್ಟ್ರು, ಇದು ಎಲ್ಲಿಂದ ಬಂತು ಹೇಳಿ ಎಂದರು. ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಫ್ರಾನ್ಸಿನ ಬೂಝೆ ಅಣೆಕಟ್ಟಿನ ಕಥೆ ಹೇಳಿದರು. 1895ರಲ್ಲಿ ಆ ಗೋಡೆ ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಗೋಡೆಯ ತೂಕವನ್ನು ಲೆಕ್ಕ ಹಾಕಿದ್ದರು, ನೀರಿನ ತಳ್ಳುವಿಕೆಯನ್ನೂ ಹಾಕಿದ್ದರು. ಕಲ್ಲಿನ ಸಂದಿಯಲ್ಲಿ, ಬುನಾದಿಯ ಅಡಿಯಲ್ಲಿ ಇಳಿದ ನೀರು ಗೋಡೆಯನ್ನು ಕೆಳಗಿನಿಂದ ಎತ್ತಿ ಹಗುರಾಗಿಸುತ್ತದೆ ಎಂಬುದನ್ನು ಹಾಕಿರಲಿಲ್ಲ. ಆ ದುರಂತದ ನಂತರವೇ ಎಂಜಿನಿಯರುಗಳು ಈ ಮೇಲ್ಮುಖ ಒತ್ತಡವನ್ನು ಗಂಭೀರವಾಗಿ ಎಣಿಸತೊಡಗಿದ್ದು. ಮಾರಿಕಣಿವೆಯ ಕೆಲಸ ಶುರುವಾದದ್ದು ಅದಾಗಿ ಮೂರೇ ವರ್ಷಕ್ಕೆ.

ನಾನು ಹತ್ತು ಅಂಕಕ್ಕೆ ಬರೆದು ಮರೆತ ಅಕ್ಷರದ ಹಿಂದೆ ಅಷ್ಟು ಮಂದಿಯ ಸಾವಿತ್ತು. ಆ ದಿನ ಹಾಸ್ಟೆಲಿಗೆ ಹೋಗದೆ ಕಡಲ ದಡದಲ್ಲಿ ಬಹಳ ಹೊತ್ತು ಕುಳಿತಿದ್ದೆ. ಸೂತ್ರವನ್ನು ಬಳಸುವುದು ಬಿ.ಇ.ಯಲ್ಲಿ ಬಂದಿತ್ತು. ಅದು ಯಾವುದನ್ನು ಎಣಿಸಿದೆ, ಯಾವುದನ್ನು ಬಿಟ್ಟಿದೆ ಎಂದು ಅನುಮಾನಿಸುವುದು ಆ ಎರಡು ವರ್ಷದಲ್ಲಿ ಬಂತು. 2022ರ ಸೆಪ್ಟೆಂಬರ್‌ನಲ್ಲಿ, 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಜನ ಕೋಡಿಯ ನೀರು ನೋಡುತ್ತಿದ್ದರು, ಬಾಗಿನ ಹಿಡಿದು ಬಂದಿದ್ದರು. ನಾನು ಗೋಡೆಯ ಬುಡವನ್ನೇ ನೋಡುತ್ತಿದ್ದೆ. ಅಮ್ಮ ಯಾಕೆ ಎಂದು ಕೇಳಿದರು. ಅಲ್ಲೇ ನಿಂತು ಅವರಿಗೆ ಬೂಝೆಯ ಕಥೆ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಮಾರಮ್ಮನಿಗೆ ಇನ್ನೊಂದು ಸಲ ಕೈಮುಗಿದರು.

ಇದು ಭಾವನೆಯ ಮಾತಾಯಿತು ಎನ್ನುವವರಿಗೆ ದಿನದ ಕೆಲಸದಿಂದ ಒಂದು ಸಂಗತಿ ಹೇಳುತ್ತೇನೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಎರೆ ಭೂಮಿಯೂ ಇದೆ, ಕೆಂಪು ಗರಸೂ ಇದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಸುಮಾರು ಮೂರು ಮೂರೂವರೆ ಮೀಟರ್ ಆಳದವರೆಗೆ ಈ ಏರಿಳಿತ ಇರುತ್ತದೆ. ಅದಕ್ಕೇ ಅಂಥ ಕಡೆ ಬುಡದಲ್ಲಿ ಗೆಡ್ಡೆಯಂತೆ ಅಗಲವಾಗುವ ಪೈಲ್‌ಗಳನ್ನು, ಅಂದರೆ ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು, ಇನ್ನೂ ಕೆಳಗೆ ಇಳಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮೂರು ಅಂತಸ್ತಿನ ಮನೆಯೊಂದರ ಕೆಲಸ ಬಂತು. ಮೇಸ್ತ್ರಿ ಒಂದು ಮೂಲೆಯಲ್ಲಿ ಗುಂಡಿ ತೆಗೆಸಿ ಗಟ್ಟಿ ಗರಸು ತೋರಿಸಿದರು. ಎದುರು ಮೂಲೆಯಲ್ಲೂ ತೆಗೆಸಿ ಎಂದೆ. ಮಾಲೀಕರಿಗೆ ಬೇಸರ, ಒಂದು ದಿನದ ಕೂಲಿ ದಂಡ ಎಂದರು. ತೆಗೆದಾಗ ಅಲ್ಲಿ ಎರಡು ಮೀಟರ್ ಎರೆಮಣ್ಣು.

ಇಡೀ ಮನೆ ಒಂದೇ ಸಮನೆ ಒಂದು ಅಂಗುಲ ಕುಸಿದರೂ ಗೋಡೆಗೆ ಅಷ್ಟು ತೊಂದರೆಯಿಲ್ಲ. ಒಂದು ಮೂಲೆ ನಿಂತು ಇನ್ನೊಂದು ಮೂಲೆ ಕುಸಿದರೆ, ಅಥವಾ ಉಬ್ಬಿದರೆ, ಗೋಡೆ ಸೀಳುತ್ತದೆ. ಇದನ್ನು ನಾನು ಓದಿ ತಿಳಿದದ್ದು. ಎರಡನೆಯ ಗುಂಡಿ ತೆಗೆಸಬೇಕೆಂಬ ಹಟ ಮಾತ್ರ ಸೈಟ್‌ನ ಮೂರು ವರ್ಷದಲ್ಲಿ ಬಂದದ್ದು. ಮಣ್ಣು ಹೇಗೆ ಮೋಸ ಮಾಡುತ್ತದೆ ಎಂದು ಅಲ್ಲಿ ಕಣ್ಣಾರೆ ಕಂಡಿದ್ದೆ. ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ತಂತ್ರಾಂಶಗಳು ಈಗ ಎಲ್ಲರ ಬಳಿ ಇವೆ. ನೀವು ತಪ್ಪು ಮಣ್ಣನ್ನು ಕೊಟ್ಟರೂ ಅದು ಅಚ್ಚುಕಟ್ಟಾದ ಉತ್ತರವನ್ನೇ ಮುದ್ರಿಸಿಕೊಡುತ್ತದೆ. ಅದನ್ನು ತಡೆದು ನಿಲ್ಲಿಸಿ, ಕೈಯಲ್ಲಿ ಒಂದು ಸಣ್ಣ ಲೆಕ್ಕ ಹಾಕಿ, ಹೀಗಿರಲಾರದು ಎಂದು ಹೇಳಬಲ್ಲವರು ಬೇಕು.

ನನ್ನ ತರಗತಿಯಲ್ಲಿ ಬಿ.ಇ. ಮುಗಿಸಿ ನೇರವಾಗಿ ಬಂದವರು ನನಗಿಂತ ಚುರುಕಾಗಿದ್ದರು, ಗಣಿತ ಅವರಿಗೆ ಬೇಗ ಹತ್ತುತ್ತಿತ್ತು. ಆದರೆ ಮೇಷ್ಟ್ರು ಹೇಳಿದ ಪ್ರತಿ ಮಾತಿಗೂ ನನಗೆ ಒಂದು ಸೈಟ್ ನೆನಪಾಗುತ್ತಿತ್ತು: ಸೆಂಟ್ರಿಂಗ್ ಬೇಗ ಬಿಚ್ಚಿ ಜೋತ ಸ್ಲ್ಯಾಬ್, ಕಂಬಿ ಮೇಲೆ ಕೆಳಗಾಗಿ ಹಾಕಿದ ಛಜ್ಜಾ. ಅವರು ಉತ್ತರಗಳನ್ನು ಶೇಖರಿಸುತ್ತಿದ್ದರು, ನಾನು ಮೂರು ವರ್ಷದ ಪ್ರಶ್ನೆಗಳ ಗಂಟನ್ನು ಬಿಚ್ಚುತ್ತಿದ್ದೆ.

ಇನ್ನು ಈ ಊರಿನ ಮಾತು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಹೊಸದಲ್ಲ. ಬಿಡಿಟಿ ಕಾಲೇಜು 1951ರಲ್ಲೇ ಶುರುವಾಯಿತು, ಬಾಪೂಜಿ ಕಾಲೇಜು 1979ರಲ್ಲಿ. ಮನೆಯ ಊಟ ಮಾಡಿಕೊಂಡು ಎಂಜಿನಿಯರ್ ಆಗುವ ಭಾಗ್ಯ ನಮ್ಮಂಥ ನೂರಾರು ಮನೆಯ ಮಕ್ಕಳಿಗೆ ಸಿಕ್ಕಿತು. ಅದಕ್ಕೆ ನಾನು ಎಂದೆಂದೂ ಋಣಿ. ಒಂದು ಕಾಲದಲ್ಲಿ ಇಲ್ಲಿ ಎಂ.ಟೆಕ್ ಎಂದರೆ ಮೇಷ್ಟ್ರಾಗುವ ದಾರಿ. ಸಹಾಯಕ ಪ್ರಾಧ್ಯಾಪಕರಾಗಲು ಎಂ.ಟೆಕ್ ಬೇಕು, ಬಿ.ಇ. ಅಥವಾ ಎಂ.ಟೆಕ್‌ನಲ್ಲಿ ಒಂದರಲ್ಲಾದರೂ ಪ್ರಥಮ ದರ್ಜೆ ಇರಬೇಕು. ನಿಯಮ ಈಗಲೂ ಅದೇ. ಆದರೆ ಸಿವಿಲ್, ಮೆಕ್ಯಾನಿಕಲ್‌ಗಳಿಗೆ ಸೇರುವ ಮಕ್ಕಳು ಕಡಿಮೆಯಾಗಿ ಎಲ್ಲರೂ ಕಂಪ್ಯೂಟರ್ ಸೈನ್ಸ್ ಕಡೆ ಹೋದಮೇಲೆ, ಆ ವಿಭಾಗಗಳಲ್ಲಿ ಹೊಸ ಮೇಷ್ಟ್ರುಗಳನ್ನು ತೆಗೆದುಕೊಳ್ಳುವವರು ಎಲ್ಲಿ? ಮೇಲಿನ ಹುದ್ದೆಗೆ ಪಿಎಚ್.ಡಿ. ಬೇಕೇ ಬೇಕು. ಪಾಠ ಹೇಳುವುದು ನಿಮ್ಮ ಪ್ರಾಣವಾಗಿದ್ದರೆ ಹೋಗಿ; ಎಂ.ಟೆಕ್‌ಗೆ ನಿಲ್ಲದೆ ಮುಂದಕ್ಕೂ ಓದುವೆನೆಂದು ಗಟ್ಟಿ ಮಾಡಿಕೊಂಡು ಹೋಗಿ.

ಕೆಲಸ ಸಿಗಲಿಲ್ಲ, ಎರಡು ವರ್ಷ ಓದುತ್ತಿರೋಣ ಎಂದು ಸೇರುವವರನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅದರಲ್ಲೂ ಗೇಟ್ ಅರ್ಹತೆಯಿಲ್ಲದೆ, ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಮೂಲಕವೋ ಆಡಳಿತ ಮಂಡಳಿಯ ಸೀಟಿನಲ್ಲೋ ಸೇರುವವರನ್ನು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಗೇಟ್ ಅರ್ಹತೆ ಇದ್ದವಳಿಗೆ ತಿಂಗಳಿಗೆ 12,400 ಬರುತ್ತದೆ, ಇಲ್ಲದವಳಿಗೆ ಬರುವುದಿಲ್ಲ. ಅವಳ ಮನೆಯವರು ಎರಡು ವರ್ಷ ಕೊಡುತ್ತಲೇ ಇರಬೇಕು. ಆ ಮನೆಯಲ್ಲೂ ಯಾವುದೋ ತಗಡು ಸೋರುತ್ತಿರುತ್ತದೆ.

ಕಂಪ್ಯೂಟರ್ ಸೈನ್ಸ್‌ನವರ ವಿಚಾರದಲ್ಲಿ ಮಾತಾಡಲು ನಾನು ತಕ್ಕವಳಲ್ಲ. ಅಮೆರಿಕಕ್ಕೆ ಎಂ.ಎಸ್. ಓದಲು ಹೋಗುವ ಕಥೆಯೂ ಬೇರೆಯೇ. ಚನ್ನಗಿರಿ ಕಡೆ ಅಡಿಕೆ ತೋಟ ಅಡವಿಟ್ಟು ಮಗನನ್ನು ಕಳಿಸಿದ ಮನೆಯೊಂದನ್ನು ಬಲ್ಲೆ. ಅಲ್ಲಿ ಪದವಿಯ ಜೊತೆ ವೀಸಾದ ಮೇಲೂ ಪಣ ಕಟ್ಟಿರುತ್ತಾರೆ. ಆ ತಂದೆ ರಾತ್ರಿ ನಿದ್ದೆ ಮಾಡುವುದಿಲ್ಲ ಎಂಬುದಷ್ಟು ನನಗೆ ಗೊತ್ತು.

ಉಳಿದದ್ದು ಚಿಕ್ಕಪ್ಪನ ಚೀಟಿಯ ಕೊನೆಯ ಪದ. ವಾರದ ನಡುವೆ ತಂಗಿಯನ್ನು ಮನೆಗೆ ಕರೆದೆ. ಮಹಡಿಯ ಮೇಲೆ ಕುಳಿತು, ಯಾವ ವಿಷಯ ಓದಬೇಕೆಂದಿದ್ದೀಯ ಎಂದು ಕೇಳಿದೆ. ಸ್ಟ್ರಕ್ಚರಲ್ ಎಂದಳು. ಯಾಕೆ ಎಂದೆ. ಒಂದಷ್ಟು ಹೊತ್ತು ಕಲಿತ ಪಾಠದಂತೆ ಏನೇನೋ ಹೇಳಿ, ತಟ್ಟನೆ ನಿಲ್ಲಿಸಿದಳು.

“ಅಕ್ಕ, ಓದುತ್ತಿದ್ದರೆ ಎರಡು ವರ್ಷ ಯಾರೂ ಗಂಡು ತೋರಿಸುವುದಿಲ್ಲ.”

ನಾನು ಅವಳನ್ನು ಗದರಲಿಲ್ಲ. ಗದರುವ ಹಕ್ಕು ನನಗಿಲ್ಲ. ನನ್ನ ಜೊತೆ ಓದಿದವರಲ್ಲಿ ಎಷ್ಟು ಹುಡುಗಿಯರು ಇದೇ ಕಾರಣಕ್ಕೆ ಬಂದಿದ್ದರು! ಹಾಸ್ಟೆಲಿನ ಕೋಣೆಗಳಲ್ಲಿ ರಾತ್ರಿ ಮಾತಾಡುವಾಗ ಮಾತ್ರ ಅದು ಹೊರಬರುತ್ತಿತ್ತು. ಓದು ಅವರಿಗೆ ನಿಲ್ಲಲು ಒಂದು ಜಾಗ ಕೊಟ್ಟಿತ್ತು. ಅದು ಸಣ್ಣ ಕಾರಣವಲ್ಲ, ನಾಚಿಕೆಪಡುವ ಕಾರಣವೂ ಅಲ್ಲ. ಆದರೆ ಇನ್ನೂ ಮದುವೆ ಬೇಡ ಎಂಬ ಒಂದು ವಾಕ್ಯವನ್ನು ಹೇಳಲು ಹೆಣ್ಣುಮಗಳೊಬ್ಬಳು ಎರಡು ವರ್ಷದ ಶುಲ್ಕ ಕಟ್ಟಬೇಕಾಗಿ ಬಂದರೆ, ಅದು ಬಹಳ ದುಬಾರಿಯ ವಾಕ್ಯ. ಅಷ್ಟು ಕೊಟ್ಟಮೇಲೂ ಎರಡು ವರ್ಷದ ಕೊನೆಗೆ ಅದೇ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ. ಆಗ ಅದಕ್ಕೆ ಇನ್ನೊಂದು ಮಾತು ಸೇರಿಕೊಂಡಿರುತ್ತದೆ: ಇಷ್ಟು ಓದಿದವಳಿಗೆ ತಕ್ಕ ಗಂಡು ಎಲ್ಲಿ ತರುವುದು?

ಮುಂದಿನ ಭಾನುವಾರ ನಾನೇ ಚಿಕ್ಕಪ್ಪನ ಮನೆಗೆ ಹೋದೆ. ಚೀಟಿ ಅವರ ಲೆಕ್ಕದ ಪುಸ್ತಕದಲ್ಲೇ ಇತ್ತು. “ಚಿಕ್ಕಪ್ಪ, ಈ ಕೊನೆಯ ಪದವನ್ನು ಈ ಚೀಟಿಯಿಂದ ತೆಗೆಯಿರಿ. ಅದು ಓದಿನ ಲೆಕ್ಕವಲ್ಲ. ಅದನ್ನು ಅವಳನ್ನು ಕೂರಿಸಿಕೊಂಡು ಕೇಳಿ, ಅವಳು ಹೇಳಿದ್ದನ್ನು ನಂಬಿ” ಎಂದೆ. ಚಿಕ್ಕಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಉಳಿದ ಲೆಕ್ಕವನ್ನು ಇಬ್ಬರೂ ಕೂಡಿ ಹಾಕಿದೆವು. ಗೇಟ್ ಅಂಕ ಫಲಿತಾಂಶ ಬಂದ ದಿನದಿಂದ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಂದರೆ ಈ ವರ್ಷವೇ ಓಡಬೇಕಾದ ಅವಸರವಿಲ್ಲ. ಚಿತ್ರದುರ್ಗದ ಕೆಲಸಕ್ಕೆ ಸೇರಲಿ. ಸಂಜೆ ಓದಿ ಮತ್ತೆ ಬರೆದರೆ ಅಂಕ ಹೆಚ್ಚಬಹುದು, ಹೆಚ್ಚದಿದ್ದರೂ ಹಳೆಯದು ಕೈಯಲ್ಲಿದೆ. ಒಳ್ಳೆಯ ಅಂಕ ಬಂದರೆ ಬಿ.ಇ. ಮೇಲೆಯೇ ಗೇಟ್ ಅಂಕ ನೋಡಿ ಕೆಲಸ ಕೊಡುವ ಕೇಂದ್ರ ಸರ್ಕಾರದ ಉದ್ದಿಮೆಗಳೂ ಇವೆ. ಎರಡು ವರ್ಷದ ನಂತರ ಅವಳಿಗೆ ಸೈಟ್ ಉತ್ತರಿಸಲಾಗದ ಪ್ರಶ್ನೆಗಳು ಹುಟ್ಟಿದ್ದರೆ ಎಂ.ಟೆಕ್‌ಗೆ ಹೋಗಲಿ, ಆಗ ಅವಳ ಖರ್ಚಿಗೆ ಅವಳದೇ ಉಳಿತಾಯ ಇರುತ್ತದೆ. ಹುಟ್ಟದಿದ್ದರೆ ಅವಳು ಒಳ್ಳೆಯ ಸೈಟ್ ಎಂಜಿನಿಯರ್ ಆಗಿರುತ್ತಾಳೆ. ನನ್ನ ಗೆಳತಿಯನ್ನು ನೋಡಿ, ಅದರಲ್ಲಿ ಏನು ಕೊರತೆಯಿದೆ?

ಚಿಕ್ಕಪ್ಪ ಪ್ರತಿ ಸಾಲನ್ನೂ ಬರೆದುಕೊಂಡರು. ಕೊನೆಯಲ್ಲಿ, ಪ್ರಶ್ನೆ ಹುಟ್ಟಿದೆಯೋ ಇಲ್ಲವೋ ಎಂದು ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಅವಳೇ ಹೇಳುತ್ತಾಳೆ ಎಂದೆ.

ತಂಗಿ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಮೊನ್ನೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದಳು. ಒಂದು ಬೀಮಿನಲ್ಲಿ, ಕಾಲಂಗೆ ಕೂಡುವ ಜಾಗದಲ್ಲಿ ಮಾತ್ರ ಕಂಬಿಯ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಿಸಿದ್ದಾರಂತೆ, ನಡುವೆ ಬಿಡಿಬಿಡಿಯಾಗಿ. ಮೇಸ್ತ್ರಿಯನ್ನು ಕೇಳಿದರೆ, ಯಾವಾಗಲೂ ಹೀಗೇ ಹಾಕುವುದು ಎಂದರಂತೆ. ಅವಳಿಗೆ ಅಷ್ಟು ಸಾಕಾಗಿಲ್ಲ. ನಾನು ಫೋನಿನಲ್ಲಿ ಉತ್ತರ ಹೇಳಲಿಲ್ಲ. ಶನಿವಾರ ಊರಿಗೆ ಬರುತ್ತಾಳೆ, ನನ್ನ ಹಳೆಯ ನೋಟ್ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಇಟ್ಟಿದ್ದೇನೆ.